ಬಂದೂಕು ಬಂದ ಮೇಲೂ ಉಳಿದ ಬಿಲ್ಲು

1543ರಲ್ಲಿ ಪೋರ್ಚುಗೀಸರ ಬಂದೂಕು ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಬಂತು. ಅಲ್ಲಿಂದಾಚೆಗೆ ಯುದ್ಧದಲ್ಲಿ ಬಿಲ್ಲಿನ ಬೆಲೆ ಇಳಿಯುತ್ತಾ ಹೋಯಿತು. ಆದರೂ ಬಿಲ್ಲುಗಾರರು ಅಭ್ಯಾಸ ಬಿಡಲಿಲ್ಲ. 1686ರಲ್ಲಿ ಕ್ಯೋಟೋದ ಸಂಜೂಸಾಂಗೆಂದೋ ದೇವಾಲಯದ ಸುಮಾರು 120 ಮೀಟರ್ ಉದ್ದದ ಜಗಲಿಯಲ್ಲಿ ವಾಸಾ ದೈಹಾಚಿರೋ ಎಂಬ ಯುವಕ ಒಂದೇ ಹಗಲು-ರಾತ್ರಿಯಲ್ಲಿ 13,053 ಬಾಣ ಬಿಟ್ಟ. ಅವುಗಳಲ್ಲಿ 8,133 ಆಚೆ ತುದಿ ಮುಟ್ಟಿದವು.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತಾಗ ಶಾಲೆಗಳಲ್ಲಿ ಸಮರಕಲೆಗೆ ನಿಷೇಧ ಬಿತ್ತು. ಬಿಲ್ಲುಗಾರರು 1949ರಲ್ಲಿ ಒಕ್ಕೂಟ ಕಟ್ಟಿ ಮತ್ತೆ ಎದ್ದು ನಿಂತರು.

ಈ ವಿದ್ಯೆಯ ಇಂದಿನ ಹೆಸರು ಕ್ಯೂದೋ, ಅಂದರೆ ಬಿಲ್ಲಿನ ದಾರಿ. ಗುರಿ ಇರುವುದು 28 ಮೀಟರ್ ದೂರದಲ್ಲಿ, ಅಗಲ 36 ಸೆಂಟಿಮೀಟರ್. ಬಾಣ ತಾಗಿದರಷ್ಟೇ ಸಾಲದು. ನಿಲುವು, ಉಸಿರು, ಬಾಣ ಬಿಟ್ಟ ಮೇಲಿನ ಸಮಾಧಾನವೂ ಲೆಕ್ಕಕ್ಕೆ ಬರುತ್ತದೆ. ಕೊಲ್ಲಲು ಕಲಿತ ವಿದ್ಯೆ, ತನ್ನನ್ನು ತಾನು ತಿದ್ದಿಕೊಳ್ಳುವ ವಿದ್ಯೆಯಾಗಿ ಉಳಿಯಿತು.