ಕೃತಕ ಬುದ್ಧಿಮತ್ತೆಯ ನೆರವಿನ ಬರಹ: ಓದುಗರಿಗೆ ತಿಳಿಸಬೇಕಾದುದೇನು?

ಊರಿನ ಇತಿಹಾಸ, ಜಾತ್ರೆಯ ವರ್ಣನೆ, ಪ್ರವಾಸದ ಅನುಭವ ಮೊದಲಾದ ಸ್ವಂತ ಬರಹಗಳಿಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ನೆರವು ಪಡೆಯುವ ರೂಢಿ, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ನಂತರ ವ್ಯಾಪಕವಾಗಿದೆ. ನೆರವು ಪಡೆಯುವುದು ತಪ್ಪಲ್ಲ. ಆದರೆ ಲೇಖಕರು ಕಣ್ಣಾರೆ ಕಂಡದ್ದು ಯಾವುದು, ಯಂತ್ರ ಜೋಡಿಸಿಕೊಟ್ಟದ್ದು ಯಾವುದು ಎಂಬುದು ತಿಳಿಯದಿದ್ದರೆ, ಎಷ್ಟನ್ನು ನಂಬಬೇಕೆಂದು ಓದುಗರು ನಿರ್ಧರಿಸಲಾರರು.

ತಪ್ಪು ಹುಟ್ಟುವ ಬಗೆ

ಈ ತಂತ್ರಾಂಶಗಳು ಅಪಾರ ಪಠ್ಯರಾಶಿಯಿಂದ ಕಲಿತು, ಮುಂದಿನ ಪದ ಯಾವುದಿರಬಹುದೆಂದು ಊಹಿಸುತ್ತಾ ವಾಕ್ಯ ಕಟ್ಟುತ್ತವೆ. ಹೇರಳವಾಗಿ ಬರೆಯಲಾದ ವಿಷಯಗಳಲ್ಲಿ ಈ ಊಹೆ ಬಹುಮಟ್ಟಿಗೆ ಸರಿಹೋಗುತ್ತದೆ. ಬರಹ ವಿರಳವಾಗಿರುವ ವಿಷಯಗಳಲ್ಲಿ ತಪ್ಪು ಹೆಚ್ಚು. ಆದರೂ ವಾಕ್ಯದ ಧಾಟಿ ಅಷ್ಟೇ ಖಚಿತವಾಗಿರುತ್ತದೆ.

ನಾಲ್ಕು ತಾಲ್ಲೂಕುಗಳ ನಿದರ್ಶನ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೇ ತೆಗೆದುಕೊಳ್ಳಬಹುದು. ಇವು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಆದರೆ ಮಧುಗಿರಿ ಕಂದಾಯ ಜಿಲ್ಲೆಯಲ್ಲ. ಶಿರಾ 1687ರಿಂದ 1757ರವರೆಗೆ ಮೊಗಲರ ಸುಭಾದ ಕೇಂದ್ರವಾಗಿತ್ತು. ಆದರೆ ಅಲ್ಲಿ ಸಮಾಧಿಯಿರುವ ಮಲಿಕ್ ರಿಹಾನ್ ಅದಕ್ಕೂ ಮುಂಚಿನ ಬಿಜಾಪುರದ ಆಡಳಿತಕ್ಕೆ ಸೇರಿದವನು. ಪಾವಗಡದ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕಿನ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಗಿದೆ. ‘ಗುತ್ತಿಗೆ’ ಇದ್ದಲ್ಲಿ ‘ಭೂಸ್ವಾಧೀನ’ ಎಂದು ಯಂತ್ರ ಬರೆದರೆ, ಭೂಮಿಯ ಒಡೆತನದ ಚಿತ್ರವೇ ತಿರುವುಮುರುವಾಗುತ್ತದೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದದ್ದು. ಅಲ್ಲಿನ ಬೇರೊಂದರ ಗುಣವನ್ನು ಯಂತ್ರ ಊಹಿಸಿ ಹೇಳಿದರೆ, ಅದನ್ನು ಅನುಭವದ ಮಾತೆಂದು ನಂಬಿ ಸೇವಿಸುವವರ ಆರೋಗ್ಯಕ್ಕೇ ಅಪಾಯ.

ಕರ್ನಾಟಕ ಕಂಡ ಪ್ರಕರಣ

ಯಂತ್ರದ ಮಾತು ಮನುಷ್ಯರ ಹೆಸರಿನಲ್ಲಿ ಹರಡಿದರೆ ಏನಾಗಬಹುದೆಂಬುದನ್ನು ರಾಜ್ಯ 2025ರ ಜುಲೈನಲ್ಲಿ ಕಂಡಿತು. ನಟಿ ಬಿ. ಸರೋಜಾದೇವಿ ಅವರಿಗೆ ಅಂತಿಮ ನಮನ ಸಲ್ಲಿಸಿದ ಬಗ್ಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕಡೆಯಿಂದ ಪ್ರಕಟವಾದ ಕನ್ನಡ ಸಂದೇಶವನ್ನು ಫೇಸ್‌ಬುಕ್‌ನ ಸ್ವಯಂಚಾಲಿತ ಅನುವಾದ, ಸ್ವತಃ ಮುಖ್ಯಮಂತ್ರಿಯವರೇ ನಿಧನರಾದರೆಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಿರುಗಿಸಿತು. ಕನ್ನಡದ ಅನುವಾದ ನಿಖರವಾಗುವವರೆಗೆ ಸೌಲಭ್ಯವನ್ನು ಸ್ಥಗಿತಗೊಳಿಸಬೇಕೆಂದು ಮುಖ್ಯಮಂತ್ರಿಯವರ ಕಡೆಯಿಂದ ಮೆಟಾ ಸಂಸ್ಥೆಗೆ ಪತ್ರ ಹೋಯಿತು. ಸಂಸ್ಥೆ ಕ್ಷಮೆ ಕೋರಿತು. ಮೂಲ ಕನ್ನಡ ಪಕ್ಕದಲ್ಲೇ ಇದ್ದುದರಿಂದ ತಪ್ಪು ಯಾರದೆಂಬುದು ಕೂಡಲೇ ಪತ್ತೆಯಾಯಿತು. ನೆರವನ್ನು ಮುಚ್ಚಿಟ್ಟ ಬರಹದಲ್ಲಿ ಹೋಲಿಸಿ ನೋಡಲು ಮೂಲವೇ ಇರುವುದಿಲ್ಲ.

ಕಾನೂನಿನ ಮಿತಿ

ಕೇಂದ್ರ ಸರ್ಕಾರವು 2026ರ ಫೆಬ್ರುವರಿಯಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಂದ ತಿದ್ದುಪಡಿ, ನೈಜವೆಂದು ತೋರುವ ಕೃತಕ ಚಿತ್ರ, ಧ್ವನಿ ಮತ್ತು ದೃಶ್ಯಗಳಿಗೆ ಗುರುತುಪಟ್ಟಿ ಕಡ್ಡಾಯಗೊಳಿಸಿದೆ. ಬರಿಯ ಅಕ್ಷರದ ಬರಹ ಆ ವ್ಯಾಖ್ಯೆಯಲ್ಲಿಲ್ಲ. ಆದ್ದರಿಂದ ಬರಹದಲ್ಲಿ ನೆರವನ್ನು ತಿಳಿಸುವ ಹೊಣೆ ಲೇಖಕರ ಮನಸ್ಸಾಕ್ಷಿಗೆ ಸೇರಿದ್ದು.

ಈ ಹೊಣೆ ಕನ್ನಡಕ್ಕೆ ಹೊಸತೇನಲ್ಲ. ‘ಅನುವಾದ’, ‘ರೂಪಾಂತರ’, ‘ಸಂಗ್ರಹ’ ಎಂದು ಶೀರ್ಷಿಕೆಯ ಕೆಳಗೇ ನಮೂದಿಸುವ ಪದ್ಧತಿ ನಮ್ಮಲ್ಲಿದೆ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರು 1926ರ ತಮ್ಮ ಕೃತಿಗೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಮೂಲವನ್ನು ಹೇಳಿದ್ದರಿಂದ ಅವರ ಕವಿತ್ವಕ್ಕೆ ಕುಂದುಂಟಾಗಲಿಲ್ಲ.

ತಿಳಿಸುವ ಬಗೆ

* ಕಾಗುಣಿತ ತಿದ್ದಲು ಮಾತ್ರ ಬಳಸಿದ್ದರೆ ಪ್ರತ್ಯೇಕ ಸೂಚನೆ ಅಗತ್ಯವಿಲ್ಲ.

* ಅನುವಾದ ಅಥವಾ ಸಾರಾಂಶಕ್ಕೆ ಬಳಸಿದ್ದರೆ ಬರಹದ ಕೊನೆಯಲ್ಲಿ ಒಂದು ವಾಕ್ಯ ಸಾಕು.

* ಕರಡನ್ನೇ ಯಂತ್ರ ಸಿದ್ಧಪಡಿಸಿದ್ದರೆ ಸೂಚನೆ ಆರಂಭದಲ್ಲಿರಬೇಕು.

* ಯಂತ್ರ ರಚಿಸಿದ ಚಿತ್ರವಾದರೆ, ಚಿತ್ರದ ಅಡಿಯಲ್ಲೇ ಹಾಗೆಂದು ಬರೆಯಬೇಕು.

* ಯಂತ್ರದ ನೆರವಿನಿಂದ ಬಂದ ಇಸವಿ, ಅಂಕಿ ಮತ್ತು ಹೆಸರುಗಳನ್ನು ಯಾವುದರೊಡನೆ ಹೋಲಿಸಿ ನೋಡಲಾಯಿತೆಂಬುದನ್ನೂ ಹೇಳಬೇಕು.

‘ಕೃತಕ ಬುದ್ಧಿಮತ್ತೆ ಬಳಸಲಾಗಿದೆ’ ಎಂಬ ಮೋಘಮ್ ಮಾತಿನಿಂದ ಪ್ರಯೋಜನವಿಲ್ಲ. ‘ಕೋಟೆಯ ವಿವರ ನಾನು ಕಂಡದ್ದು; ಇತಿಹಾಸದ ಭಾಗದ ಕರಡು ಯಂತ್ರದ್ದು, ಇಸವಿಗಳನ್ನು ಗೆಜೆಟಿಯರ್‌ನೊಡನೆ ಹೋಲಿಸಿದ್ದೇನೆ’ ಎಂಬ ಸೂಚನೆ ಓದುಗರಿಗೆ ನಿಜವಾಗಿ ನೆರವಾಗುತ್ತದೆ.

ಬರಹ ವಿರಳವಾದ ಸೀಮೆಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಇಂದು ಪ್ರಕಟವಾದ ತಪ್ಪನ್ನೇ ನಾಳಿನ ಯಂತ್ರ ಪಾಠವಾಗಿ ಕಲಿಯಬಹುದು, ಶಾಲಾ ಮಕ್ಕಳು ಆಕರವೆಂದು ನಕಲು ಮಾಡಬಹುದು. ಸೂಚನೆಯ ಒಂದು ಸಾಲಿದ್ದರೆ, ಎಲ್ಲಿ ಪರಿಶೀಲಿಸಬೇಕೆಂಬುದು ಮುಂದಿನವರಿಗೆ ತಿಳಿಯುತ್ತದೆ.