ಅಸ್ತಮಾ: ಇನ್‌ಹೇಲರ್‌ಗೆ ಹೆದರಿ ಸ್ಟೀರಾಯ್ಡ್ ಮಾತ್ರೆ ನುಂಗುವುದು ಸರಿಯೇ?

ಇನ್‌ಹೇಲರ್ ಒಮ್ಮೆ ಹಿಡಿದರೆ ಸಾಯುವ ತನಕ ಬಿಡಲಾಗದು, ಅದಕ್ಕಿಂತ ಮಾತ್ರೆಯೇ ವಾಸಿ ಎಂಬ ಮಾತು ವಾಟ್ಸ್‌ಆ್ಯಪ್‌ಗಿಂತ ಹಳೆಯದು. ಗೋಣಿಕೊಪ್ಪಲಿನ ಮಳೆಗಾಲ ನೆನಪಿಸಿಕೊಳ್ಳಿ. ಜೂನ್‌ನಿಂದ ಬಿಡದೆ ಸುರಿಯುವ ಮಳೆ, ಗೋಡೆಗೆ ಬೂಷ್ಟು, ಒಣಗದ ಕಂಬಳಿ, ಒಳಗೆ ಸೌದೆ ಹೊಗೆ. ಉಬ್ಬಸ ಕೆರಳಿಸಲು ಇಷ್ಟು ಸಾಕು. ಆಗ ಕಳೆದ ವರ್ಷದ ಚೀಟಿ ತೋರಿಸಿ ಅದೇ ಮಾತ್ರೆ ತಂದು ನುಂಗುವವರು ಉಂಟು. ಎರಡು ದಿನದಲ್ಲಿ ಉಸಿರು ಸಲೀಸು, ಹಸಿವೂ ಜಾಸ್ತಿ. ಮಾತ್ರೆ ಒಳ್ಳೆಯದು ಅನಿಸುವುದು ಸಹಜ.

ಆ ಮಾತ್ರೆ ಹೆಚ್ಚಾಗಿ ಪ್ರೆಡ್ನಿಸೊಲೋನ್ (ವೈಸೊಲೋನ್) ಅಥವಾ ಬೀಟಾಮೆಥಾಸೋನ್ (ಬೆಟ್ನೆಸಾಲ್). ಎರಡೂ ಸ್ಟೀರಾಯ್ಡ್‌ಗಳೇ. ಅಂದರೆ ಸ್ಟೀರಾಯ್ಡ್‌ಗೆ ಹೆದರಿ ಇನ್‌ಹೇಲರ್ ಬಿಟ್ಟವರು ಅದನ್ನೇ ಹೆಚ್ಚಿನ ಪ್ರಮಾಣದಲ್ಲಿ ನುಂಗುತ್ತಿರುತ್ತಾರೆ. ಉಬ್ಬಸ ಜೋರಾದಾಗ ದೊಡ್ಡವರಿಗೆ ಕೊಡುವ ಪ್ರೆಡ್ನಿಸೊಲೋನ್ ದಿನಕ್ಕೆ ಸುಮಾರು 40 ಮಿಲಿಗ್ರಾಂ. ಇನ್‌ಹೇಲರ್‌ನಲ್ಲಿ ಬುಡೆಸೊನೈಡ್ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಎರಡರ ಶಕ್ತಿ ಬೇರೆಯಾದ್ದರಿಂದ ಲೆಕ್ಕ ನೇರವಾಗಿ ಹೋಲುವುದಿಲ್ಲ, ನಿಜ. ಆದರೆ ಮಾತ್ರೆ ರಕ್ತದ ಮೂಲಕ ಇಡೀ ಮೈಗೆ ಹೋಗುತ್ತದೆ, ಇನ್‌ಹೇಲರ್‌ನ ಔಷಧ ಹೆಚ್ಚಾಗಿ ಶ್ವಾಸನಾಳದಲ್ಲೇ ಕೆಲಸ ಮಾಡುತ್ತದೆ. ಅದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿನ ತೊಂದರೆಯೂ ಕಡಿಮೆ. ಚಟ ಹತ್ತುವುದಂತೂ ಇಲ್ಲ.

ಹಾಗೆಂದು ಮಾತ್ರೆ ವಿಷವಲ್ಲ. ಉಬ್ಬಸ ವಿಪರೀತವಾದಾಗ ಐದರಿಂದ ಏಳು ದಿನದ ಕೋರ್ಸ್ ಜೀವ ಉಳಿಸುತ್ತದೆ. ವೈದ್ಯರು ಬರೆದಾಗ ಹೆದರಿ ಬಿಡುವುದೂ ತಪ್ಪೇ. ತೊಂದರೆ ಇರುವುದು ಮತ್ತೆ ಮತ್ತೆ ತೆಗೆದುಕೊಳ್ಳುವುದರಲ್ಲಿ. ಸಕ್ಕರೆ, ಬಿಪಿ ಏರುತ್ತವೆ, ನಿದ್ದೆ ಕೆಡುತ್ತದೆ. ವರ್ಷಗಟ್ಟಲೆ ಆದರೆ ಮೂಳೆ ಸವೆತ, ಕಣ್ಣಿನ ಪೊರೆ, ಮುಖ ಊದಿಕೊಳ್ಳುವುದು, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು. ಜೀವಮಾನದಲ್ಲಿ ನಾಲ್ಕೈದು ಕೋರ್ಸ್ ಆದರೂ ಈ ಅಪಾಯ ಹೆಚ್ಚುತ್ತದೆ ಎಂದು ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ 'ಜಿನಾ' ಎಚ್ಚರಿಸುತ್ತದೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ನೆನಪಿದೆಯಲ್ಲ? ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮತ್ತು ಲೆಕ್ಕವಿಲ್ಲದ ಸ್ಟೀರಾಯ್ಡ್ ಅದಕ್ಕೆ ದಾರಿ ಮಾಡಿಕೊಟ್ಟಿದ್ದವು.

ಹೆಸರಿಲ್ಲದ ಪೊಟ್ಟಣದಲ್ಲಿ ಬರುವ 'ಉಬ್ಬಸದ ಪುಡಿ'ಯ ಬಗ್ಗೆಯೂ ಒಂದು ಮಾತು. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಹಲವು ಬಾರಿ ಪತ್ತೆಯಾಗಿದೆ. ಒಂದೇ ದಿನದಲ್ಲಿ ಪವಾಡದಂತೆ ಗುಣವಾದರೆ ಮೊದಲು ಅನುಮಾನಪಡಿ.

ವರ್ಷಕ್ಕೆ ಎರಡು ಸಲ ಮಾತ್ರೆ ಬೇಕಾಯಿತೆಂದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ನಿತ್ಯದ ಇನ್‌ಹೇಲರ್ ಇದೆಯೇ, ಎಳೆಯುವ ಕ್ರಮ ಸರಿಯೇ ಎಂದು ವೈದ್ಯರಲ್ಲಿ ಕೇಳಿ. ಸಾಲ್ಬುಟಮಾಲ್ ಇನ್‌ಹೇಲರ್ ಒಂದನ್ನೇ ನಂಬಿದ್ದರೂ ಹೇಳಿ; ಅದು ಉಸಿರನ್ನು ತಾತ್ಕಾಲಿಕವಾಗಿ ಬಿಡಿಸುತ್ತದೆ, ಒಳಗಿನ ಊತ ಇಳಿಸುವುದಿಲ್ಲ.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ, ಇನ್‌ಹೇಲರ್‌ಗೂ ಬಗ್ಗದ ಉಬ್ಬಸ ಇದ್ದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಮಲಗಬೇಡಿ. ಅದು ಕೆಲಸ ಶುರುಮಾಡಲು ಕೆಲವು ಗಂಟೆ ಬೇಕು. ತೋಟದ ಲೈನ್‌ಮನೆಯಿಂದ ರಸ್ತೆಗೆ ಬರುವುದೇ ತಡವಾಗುವ ಜಾಗದಲ್ಲಂತೂ ಆಗಲೇ 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಸಾಲ್ಬುಟಮಾಲ್ ಇನ್‌ಹೇಲರ್ ಕೊಡುತ್ತಿರಿ.

ಇನ್ನು, ಮೂರು ವಾರಕ್ಕಿಂತ ಹೆಚ್ಚು ದಿನದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಅಷ್ಟರಲ್ಲಿ ದೇಹ ತಾನೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೆ ಅಪಾಯವಾದೀತು. ಖಾಲಿಯಾದ ಸ್ಟ್ರಿಪ್ ಎಸೆಯದೆ ವೈದ್ಯರಿಗೆ ತೋರಿಸಿ. ಎಷ್ಟೆಷ್ಟು ಇಳಿಸಬೇಕೆಂದು ಅವರು ಬರೆದುಕೊಡುತ್ತಾರೆ.