ಕಿರಿಯರಿಗೂ ದಕ್ಕುತ್ತದೆ ಎಂದ ಮಸ್ಕಿ ಶಾಸನ

ಲಿಂಗಸುಗೂರು–ಸಿಂಧನೂರು ದಾರಿಯ ಮಸ್ಕಿಯಲ್ಲಿ ಈ ಅಶೋಕ ಶಾಸನವನ್ನು 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡರು. ಮೊದಲ ಸಾಲಿನ ‘ದೇವಾನಂಪಿಯಸ ಅಸೋಕಸ’ ಎಂಬ ಬ್ರಾಹ್ಮಿ ಅಕ್ಷರಗಳಿಂದ ದೇವಾನಂಪಿಯ ಎಂಬ ದೊರೆ ಅಶೋಕನೇ ಎಂದು ಖಚಿತವಾಯಿತು. ಕೆಳಗಿನ ಸಾಲುಗಳೂ ಅಷ್ಟೇ ದೊಡ್ಡವು. ಧರ್ಮದಲ್ಲಿ ತೊಡಗಿದರೆ ಕಿರಿಯರೂ ಗುರಿ ಮುಟ್ಟಬಲ್ಲರು. ಅದು ದೊಡ್ಡವರಿಗಷ್ಟೇ ಮೀಸಲೆಂದು ಎಣಿಸಬಾರದು. ಇದನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅವುಗಳ ತಾತ್ಪರ್ಯ.

ಇದಕ್ಕೆ ನೇರ ಎದುರಾದದ್ದು ಸುಜನನವಾದ. 1883ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅದಕ್ಕೆ ‘ಯೂಜೆನಿಕ್ಸ್’ ಎಂದು ಹೆಸರಿಟ್ಟರು. ಯೋಗ್ಯತೆ ಹುಟ್ಟಿನಿಂದಲೇ ಬರುತ್ತದೆ, ‘ಉತ್ತಮ’ರ ಸಂತಾನವೇ ಹೆಚ್ಚಲಿ ಎನ್ನುವವರು ಸುಜನನವಾದಿಗಳು. ಈ ವಾದವನ್ನು ನೆಚ್ಚಿದ ಜರ್ಮನಿಯ 1933ರ ಕಾನೂನು ಲಕ್ಷಾಂತರ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತು.